ಷರಾ ಕಾಲಮು

ಆರ್‌ಟಿಓ ಕಚೇರಿ, ಬೆಳಗಾವಿ, ಕಿಟಕಿ ನಂಬರ್ ನಾಕು.
ಜಿಎ ಪಾಟಿಯ ಗಾಡಿ ತಂದೀನಿ, ಗಿರಾಕಿದು.
ಎನ್‌ಓಸಿ ಐತಿ, ಇನ್ಶೂರನ್ಸ್ ಐತಿ,
ಪೆನ್ಸಿಲು ತಿಕ್ಕಿ ತಗದ ಚೆಸ್ಸಿ ನಂಬರಿನ ಅಚ್ಚು ಐತಿ.
ಫಾರ್ಮಿನ ಹಿಂಬದಿ ಒಂದು ಸಹಿ ಇಲ್ಲಂತ.
‘ಗೋವಾಕ್ಕ ಹೋಗಿ ಮಾಡಿಸ್ಕೊಂಡ ಬರ್ರಿ ಮೇಡಂ,
ಏನ ದೂರ, ಮೂರು ತಾಸು.’

ಮೂರು ತಾಸು!
ನಮ್ಮ ಮುತ್ಯಾ ಲಾಡಸಾಬ ನದಾಫ
ಅದೇ ದಾರಿಗೆ ಏಳು ವರ್ಷ ತಗೊಂಡಾಂವ.

ಆಗ ಗೋವಾ ಬ್ಯಾರೆ ದೇಶ.
ನಮ್ಮ ರೂಪಾಯಿ ಅಲ್ಲಿ ರೂಪಿಯಾ.
ಶಹಾಪುರದ ಸೀರಿ ಸಾವಕಾರ ರಾಚೋಟೆಪ್ಪ
ಮಾಪ್ಸಾದ ವಕೀಲ ಫೌಸ್ತೀನನ ಕರೀ ಓಪೆಲ್ಲಿಗೆ
ಎತ್ತಿನ ಸಂತಿಯಾಗಿನಂಗ
ಟವಲಿನ ಬುಡಕ ಬೆರಳು ಹಿಡದು ದರ ಮಾಡಿದ.
ವಕೀಲಗ ಬೆರಳಿನ ಲೆಕ್ಕ ತಿಳೀಲಿಲ್ಲ,
ಕಚಗುಳಿ ಆಗಿ ನಕ್ಕ, ನೂರು ಬಿಟ್ಟ.

ಮುತ್ಯಾ ಡ್ರೈವರು. ಘಟ್ಟ ಹತ್ತಿಸಿದ, ಎರಡು ಸಲ ನೀರು ಕುಡಿಸಿದ.
ಕಣಕುಂಬಿ ನಾಕಾದಾಗ ಗಲಗಲಿ ಸಾಹೇಬ
ಗಾಡಿ ಸುತ್ತ ಒಂದು ಸುತ್ತು ಹಾಕಿ
ಕೊಂಡ ದರಕ್ಕಿಂತ ಹೆಚ್ಚಿನ ಸುಂಕ ಬರದ.

ಸುಂಕದವನ ಮುಂದ ಸುಖದುಃಖ ಹೇಳಬಾರದಂತ
ಗಾದಿ ಮಾಡಿದವರಿಗೂ ಗೊತ್ತಿತ್ತು.
ರಾಚೋಟೆಪ್ಪ ಹೇಳಿದ:
ಹೆಂಡತಿ ನೀಲವ್ವಗ ಬಸ್ಸಿನಾಗ ವಾಂತಿ ಆಗ್ತತಿ,
ಸಮುದ್ರ ನೋಡಬೇಕಂತಾಳ,
ಜಾಂಬೋಟಿ ದಾಟೂದ್ರಾಗ ತಿರುಗಿ ಬರ್ತಾಳ.
ಸಾಹೇಬ ಎಲ್ಲಾ ಕೇಳಿದ,
ಷರಾ ಕಾಲಮಿನಾಗ ದುಂಡ ಅಕ್ಷರದಾಗ ಎಲ್ಲಾ ಬರದ,
ವಾಂತಿ ಸುದ್ದಾ.
ಗಾಡಿ ಬಿಡಲಿಲ್ಲ.

ನಾಕಾದ ಹಿಂದ ಹಲಸಿನ ಗಿಡದ ಬುಡಕ ನಿಂತಿತು.

ಅಂಗಡಿ ಮುಚ್ಚೂ ಅಮಾಸಿಗೊಮ್ಮೆ
ಎಣ್ಣಿ ಡಬ್ಬಿಯಾಗ ಪೆಟ್ರೋಲು ಹಿಡಕೊಂಡು ಮುತ್ಯಾ ಹೋಗಾಂವ.
ಎಂಜಿನ್ನಿಗೆ ಜೀವ ಇರಲಿ ಅಂತ ಸಾಹೇಬರ ಪರವಾನಗಿ:
ನಾಕು ಮಾರು ಮುಂದ,
ನಾಕು ಮಾರು ಹಿಂದ.
ಏಳು ವರ್ಷಕ್ಕ ಮುಕ್ಕಾಲು ಮೈಲಿ ಓಡೇತಿ ಅಂತ
ಮೀಟರು ತೋರಿಸಿ ನಗಾಂವ.
ಹಿಂದಿನ ಸೀಟಿನಾಗ ಕೋಳಿ ಎರಡು ಸಲ ಮರಿ ಮಾಡಿತು,
ಸಾಹೇಬರು ಮೂರು ಮಂದಿ ಬದಲಾದರು,
ಚಾರ್ಜು ಕೊಡೂ ಪಟ್ಟಿಯಾಗ
ಕುರ್ಚಿ ಎರಡು, ಕಂದೀಲು ಒಂದು, ಓಪೆಲ್ ಒಂದು.

ಆಮೇಲೆ ಆ ಡಿಸೆಂಬರು.
ಲಷ್ಕರದ ಲಾರಿ ದೀಪ ಆರಿಸಿಕೊಂಡು ಹೋದವು,
ಎರಡು ದಿನಕ್ಕ ಆಚೆ ದೇಶ ಇರಲಿಲ್ಲ.
ಪರದೇಶದ ಮಾಲು
ಒಂದ ಗೇಣೂ ಸರೀಲಾರದ ನಮ್ಮೂರಿಂದು ಆತು.
ಹೊಸ ಸಾಹೇಬ ತಲಿ ಕೆರಕೊಂಡ:
ಸುಂಕ ಹಾಕಾಕ ಗಡಿ ಇಲ್ಲ,
ಫೈಲು ಮುಚ್ಚಾಕ ಕಾನೂನಿಲ್ಲ.
ಕಡೀಕ ಬಾಡಿಗಿ ಬರದ,
ಏಳು ವರ್ಷ ಸರಕಾರಿ ನೆರಳಿನಾಗ ನಿಂತದ್ದಕ್ಕ.

ಮುತ್ಯಾ ಬೆನ್ನಿಗೆ ಎರಡು ಟೈರು ಕಟಗೊಂಡು ಹೋದ.
ಕೀಲಿ ತಿರುವಿದ, ಒಂದೇ ಸಲಕ್ಕ ಚಾಲೂ.
ನಾಕಾದ ಮಂದಿ ಚಪ್ಪಾಳಿ ಹೊಡದರು.
ನಾಕು ಮಾರು ಮುಂದ ಹೋದ ಕೂಡಲೇ
ಕೈ ತಾನಾಗೇ ರಿವರ್ಸ್ ಹಾಕಿತಂತ.
ಹೋಗು, ಹೋಗೋ ಮಾರಾಯ ಅಂತ ಸಾಹೇಬ ಕೂಗಿದರೂ
ಹಿಂದ ನಾಕು ಮಾರು ಬಂದೇ
ಮತ್ತ ಹೊಂಟನಂತ.

ನೀಲವ್ವಗ ಅಷ್ಟರಾಗ ಬಸ್ಸು ರೂಢಿ ಆಗಿತ್ತು.
ಓಪೆಲ್ಲಿನ ವಾಸನಿಗೆ ವಾಂತಿ ಬಂತು.
ಸಮುದ್ರ ಆಕಿ ನೋಡಿದಳೋ ಇಲ್ಲೋ
ಮುತ್ಯಾ ಹೇಳಲಿಲ್ಲ, ನಾ ಕೇಳಲಿಲ್ಲ.

ಕಿಟಕಿ ನಾಕು ಊಟಕ್ಕ ಮುಚ್ಚೇತಿ.
ಫಾರ್ಮು ತಿರುವಿ ತಿರುವಿ ನೋಡಿದೆ,
ಎಲ್ಲಾದಕ್ಕೂ ಚೌಕ ಐತಿ, ಟಿಕ್ ಐತಿ,
ಷರಾ ಬರೀಲಿಕ್ಕೆ ಜಾಗ ಇಲ್ಲ.

ಇರಲಿ, ಹೋಗಿ ಬರ್ತೀನಿ.
ಆಚೆ ಪೆಟ್ರೋಲು ಸೋವಿ.
ಹೋಗಾಕ ಆಗೂವಷ್ಟ ಹಾಕಿಸೀನಿ,
ಬರೂ ಮುಂದ ಟ್ಯಾಂಕು ತುಂಬಿಸ್ಕೊಂಡ ಬರ್ತೀನಿ,
ಕಣಕುಂಬಿ ದಾಟೂ ಮುಂದ
ಒಂದ ಸ್ವಲ್ಪ ಗಂಭೀರ ಮಾರಿ ಮಾಡ್ಕೊಂಡು.