ಹದಿನೈದು ಅಂಕದ ಪ್ರಶ್ನೆ

ಉಪ್ಪಳ ಪೇಟೆ. ಕೆಳಗೆ ಬೇಕರಿ, ಮೇಲೆ ನಮ್ಮ ಪ್ಯಾರಲಲ್ ಕಾಲೇಜು.
ತಗಡಿನ ಮಾಡು, ನಡುವೆ ಹಲಗೆಯ ತಡಿಕೆ.
ಆಚೆ ಮಲಯಾಳದಲ್ಲಿ ಕಾಮರ್ಸು,
ಈಚೆ ಕನ್ನಡದಲ್ಲಿ ಇಂಗ್ಲಿಷು.
ಎರಡಕ್ಕೂ ಸೇರಿ ಒಂದೇ ಫ್ಯಾನು.

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಬಿಡಬೇಡಿ:
ಮೆಹಿಟಬೆಲ್ ಥಾರ್ನ್, ಅಮೆರಿಕದ ಕಾದಂಬರಿಗಾರ್ತಿ,
ಜೀವನ ಮತ್ತು ಸಾಧನೆ.
ನಾನು ಹೇಳುತ್ತೇನೆ, ಬರೆದುಕೊಳ್ಳುತ್ತಾರೆ.
ಹುಟ್ಟಿದ್ದು ಸಾವಿರದ ಎಂಟುನೂರ ಇಪ್ಪತ್ತೊಂದು.
ಊರಿನ ಕಸುಬು ಚರ್ಮ ಹದ ಮಾಡುವುದು,
ಹೊಳೆ ವರ್ಷವಿಡೀ ಕಂದು.
ಗಂಡ ಪಾದ್ರಿ; ಗಂಟಲು ಕೆಟ್ಟು ಕೆಲಸ ಹೋಯಿತು.
ಹೆತ್ತದ್ದು ಏಳು, ಉಳಿದದ್ದು ನಾಲ್ಕು.
ಮೂವತ್ತೊಂದಕ್ಕೆ ಮೊದಲ ಕಾದಂಬರಿ,
ವಾರಪತ್ರಿಕೆಯಲ್ಲಿ, ಕಂತಿನಲ್ಲಿ, ಗಂಡಸಿನ ಹೆಸರಲ್ಲಿ.
ಒಟ್ಟು ಇಪ್ಪತ್ತಾರು. ಈಗ ಸಿಗುವುದು ಎರಡು.

ಸ್ವಲ್ಪ ನಿಲ್ಲಿಸಿ ಟೀಚರೇ, ಕೈ ಸೋತಿತು, ಎಂದ ರಝಾಕ್.
ಪಕ್ಕದ ನೋಟಿನಲ್ಲಿ ಯಾರೋ ಆ ಹೆಸರನ್ನು
'ಮೈ ಟೇಬಲ್' ಎಂದು ಬರೆದದ್ದು ಕಂಡು
ಬೆಂಚಿಗೆ ಬೆಂಚೇ ನಕ್ಕಿತು. ನಾನೂ ನಕ್ಕೆ.

ಬರೆದವಳು ಜಲಜಾಕ್ಷಿ. ನಲವತ್ತಮೂರು ವಯಸ್ಸು,
ಪೈವಳಿಕೆಯ ಆಚೆಯಿಂದ ಎರಡು ಬಸ್ಸು,
ಮಗಳು ಬಿಟ್ಟ ಬ್ಯಾಗು,
ಬೆರಳಿಗೆ ಎಷ್ಟು ತೊಳೆದರೂ ಹೋಗದ ಹೊಗೆಸೊಪ್ಪಿನ ಘಾಟು.
ನಗಲಿಲ್ಲ ಅವಳು. ಕೇಳಿದಳು:
"ಅವಳಿಗೆ ಮೇಜು ಇತ್ತಾ ಟೀಚರೇ?"

ಗೈಡಿನಲ್ಲಿ ಇಲ್ಲ.
ರಾತ್ರಿ ದಪ್ಪ ಪುಸ್ತಕದ ಬಾಲದಲ್ಲಿ,
ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ತಂಗಿಗೆ ಬರೆದ ಕಾಗದ:
ಮೇಜು ಅವರದು. ಪ್ರಸಂಗ ನಿಂತು ಆರು ವರ್ಷವಾದರೂ
ಅದರ ಮೇಲೆ ಬೇರೇನೂ ಇಡುವಂತಿಲ್ಲ.
ರೊಟ್ಟಿಯ ಹಿಟ್ಟು ಉಬ್ಬುವ ತನಕ
ನಾದುವ ಹಲಗೆ ಖಾಲಿ ಇರುತ್ತದಲ್ಲ,
ಅದನ್ನೇ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ.

ಮರುದಿನ ಓದಿ ಹೇಳಿದೆ.
ಜಲಜಾಕ್ಷಿ ಪೆನ್ನು ಕೆಳಗಿಟ್ಟಳು.
"ಪುಟಕ್ಕೆ ಎಷ್ಟು?"
ಮುಕ್ಕಾಲು ಡಾಲರ್.
"ಚೆನ್ನಾಗಿಲ್ಲ ಅಂತ ವಾಪಸು ಬಂದರೆ?"
ಏನೂ ಇಲ್ಲ. ಆದರೆ ಅವಳು ಸತ್ತ ಮೇಲೆ
ವಾಪಸು ಮಾಡಿದ ಅಧ್ಯಾಯಗಳನ್ನೇ ಹುಡುಕಿಸಿ
ಅದೇ ಪತ್ರಿಕೆ ಅಚ್ಚು ಹಾಕಿ ಮಾರಿತು.
"ಓ. ನಮ್ಮ ಬ್ರಾಂಚಿನ ಹಾಗೆ," ಅಂದಳು.
"ಸಾವಿರ ಕಟ್ಟಿಕೊಂಡು ಹೋದರೆ ಎಂಬತ್ತು ಛಾಟು,
ಎಲೆ ಒಡೆದಿದೆ, ಬಾಯಿ ಮಡಚಿದ್ದು ಸರಿಯಿಲ್ಲ ಅಂತ.
ಆ ಎಂಬತ್ತನ್ನು ನಾವು ವಾಪಸು ತರುವ ಹಾಗಿಲ್ಲ.
ಬಿಸಾಡುತ್ತಾರೆ ಅಂತ ಮಾಡಿದ್ದೀರಾ?"

ತಡಿಕೆಯ ಆಚೆ ಕಾಮರ್ಸು ಒಂದು ಕ್ಷಣ ಸುಮ್ಮನಾಯಿತು.

ಉಳಿದದ್ದನ್ನು ನಾನು ಬೇಗ ಬೇಗ ಮುಗಿಸಿದೆ:
ಒಂಬತ್ತು ವರ್ಷ ಹಿಡಿದು ಬರೆದ ಒಂದೇ ದೊಡ್ಡ ಪುಸ್ತಕ,
ಅದರಲ್ಲಿ ಕಥಾನಾಯಕಿ ಇಲ್ಲ, ತೊಗಲು ಕೆರೆಯುವ ಹೆಂಗಸರು ಮಾತ್ರ.
ವಾಸನೆಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದ ಪ್ರಕಾಶಕ.
ಮಾರಿದ್ದು ಇನ್ನೂರ ಹನ್ನೊಂದು ಪ್ರತಿ.
ಸಮಾಧಿಯ ಮೇಲೆ ಪಾದ್ರಿಯ ಹೆಂಡತಿ ಎಂದಿದೆ.
ಕೊನೆಗೆ, ಅಂಕಕ್ಕಾಗಿ, ಶೈಲಿಯ ಬಗ್ಗೆ ನಾಲ್ಕು ಸಾಲು ಸೇರಿಸಿ,
ಏನಾದರೂ ಆಗುತ್ತದೆ.

ಮಾಡೆಲ್ ಪರೀಕ್ಷೆಯಲ್ಲಿ ಜಲಜಾಕ್ಷಿ ಶೈಲಿಯ ಬಗ್ಗೆ ಬರೆದಿರಲಿಲ್ಲ.
ಇಂಗ್ಲಿಷಿನ ನಡುವೆ ಎಂಟು ಸಾಲು ಕನ್ನಡ.
ಹಿಟ್ಟು ಉಬ್ಬುವುದಕ್ಕೆ ಎಷ್ಟು ಹೊತ್ತು ಬೇಕು,
ಚಳಿಯ ದೇಶದಲ್ಲಾದರೆ ಇನ್ನೂ ಎಷ್ಟು,
ಅದರಲ್ಲಿ ಎಷ್ಟು ಪುಟ ಸಾಧ್ಯ ಎಂಬ ಲೆಕ್ಕ.
ಇಪ್ಪತ್ತಾರು ಕಾದಂಬರಿಗೆ ಎಷ್ಟು ರೊಟ್ಟಿ ಎಂಬಲ್ಲಿ
ಬೆಲ್ ಆಗಿರಬೇಕು.
ಹದಿನೈದಕ್ಕೆ ಆರು ಕೊಟ್ಟೆ. ಯುನಿವರ್ಸಿಟಿಯವರು ಅಷ್ಟೂ ಕೊಡಲಿಕ್ಕಿಲ್ಲ.
ಅವಳು ಸರಿ ಎಂದಳು, ಬೇಜಾರಿಲ್ಲದೆ.

ಸಂಜೆ ಮೆಟ್ಟಿಲಿಳಿಯುವಾಗ ಕಂಡೆ,
ಬೇಕರಿಯ ಹಿಂದಿನ ಬಾಗಿಲಲ್ಲಿ ನಿಂತು
ಹಸೈನಾರನ ಹತ್ತಿರ ಹಲಗೆಯೊಂದನ್ನು ಕೇಳಿ ತೆಗೆಸಿ
ಗೇಣು ಹಾಕಿ ಅಳೆಯುತ್ತಿದ್ದಳು.
ಎರಡು ಗೇಣು, ಮೇಲೆ ನಾಲ್ಕು ಬೆರಳು.
"ನಮ್ಮ ಮೊರದಷ್ಟು ಇಲ್ಲ," ಎಂದಳು ನನಗೆ,
ಹಿಟ್ಟಿನ ಕೈಯನ್ನು ಸೀರೆಗೆ ಒರೆಸುತ್ತ,
"ಆದರೆ ಒಂದು ಹಾಳೆ ಹಿಡಿಯುತ್ತದೆ."

ಆರು ಹತ್ತರ ಬಸ್ಸು ಹಾರ್ನ್ ಹಾಕುತ್ತಿತ್ತು. ಓಡಿದಳು.