ಗೆರೆ ಕೊಯ್ಯುವವನು

ಬಿರುಕು ಬಿಡುತ್ತದೆಯೇ, ಎಂದಳು ಐನೊ ಲೆಹ್ಟಿನೆನ್,
ಸ್ಕೂಲ್ ಬಸ್ಸಿನ ಹಳೆಯ ಡ್ರೈವರು, ಕೈಯಲ್ಲಿ ಆರಿದ ಕಾಫಿ.
ಬಿಡುತ್ತದೆ, ಎಂದೆ.
ಡುಲುತ್‌ನ ಈ ಇಳಿಜಾರಿನಲ್ಲಿ ನೆಲವೇ ಚಳಿಗೆ ಉಬ್ಬಿ
ವಸಂತಕ್ಕೆ ಕುಸಿಯುತ್ತದೆ; ಮೇಲೆ ಮಲಗಿದ ಕಾಂಕ್ರೀಟು ಏನು ಮಾಡೀತು?
ಎಲ್ಲಿ ಬಿಡಬೇಕೆಂದು ಗೆರೆ ಕೊಯ್ದು
ಮೊದಲೇ ಹೇಳಿಡುವುದಷ್ಟೇ ನನ್ನ ಕೆಲಸ.

ಹಳೆಯದರ ಮೇಲೇ ಎರಡಿಂಚು ಸುರಿದರೆ?
ಕೆಳಗಿನ ಬಿರುಕು ಮೇಲೆ ಬಂದು ಮುಖ ತೋರಿಸುತ್ತದೆ.
ಅಗ್ಗವಾಗುತ್ತಿತ್ತಲ್ಲ?
ಎರಡು ವರ್ಷದ ಮಟ್ಟಿಗೆ, ಹೌದು.

ಒಡೆದೆವು. ಅಡಿಯಲ್ಲಿ ಜಲ್ಲಿಯೇ ಇಲ್ಲ, ಬರೀ ಜೇಡಿ,
ಒಂದು ಬಿಯರ್ ಬಾಟಲಿ, ಬಾಗಿದ ಒಂದು ಚಮಚ.
ನಮ್ಮಪ್ಪನ ಕೈಕೆಲಸ, ಎಂದಳು.
ಹೆಮ್ಮೆಯೋ ಸಿಟ್ಟೋ ತಿಳಿಯಲಿಲ್ಲ.
ಚಮಚ ಮಾತ್ರ ಏಪ್ರನ್ನಿನ ಜೇಬಿಗೆ ಹೋಯಿತು.

ಜಲ್ಲಿ ಹಾಸಿ, ದಿಮ್ಮಸು ಹೊಡೆದು, ಸುರಿದು,
ಸಂಜೆಗೆ ಒದ್ದೆ ಗೋಣಿ ಹೊದಿಸಿದೆವು.
ನಡೆಯುವುದು ಯಾವಾಗ? ನಾಳಿದ್ದು.
ಕಾರು? ಏಳು ದಿನ ಬೀದಿಯಲ್ಲೇ ಇರಲಿ.
ಉಪ್ಪು? ಈ ಚಳಿಗಾಲ ಬೇಡವೇ ಬೇಡ,
ಮೇಲ್ಪದರ ಹೆಕ್ಕಳೆಯಾಗಿ ಏಳುತ್ತದೆ. ಮರಳು ಎರಚಿ.
ನಾನು ಜಾರಿ ಬಿದ್ದರೆ?
ಇಪ್ಪತ್ತಾರು ವರ್ಷದ ಅನುಭವ ಹಲ್ಲು ಕಿರಿಯಿತು.

ಡಿಸೆಂಬರಿನಲ್ಲಿ ಆ ದಾರಿಯಾಗಿ ಬಂದೆ.
ಕೋಳಿಗೆ ಕಾಳು ಹಾಕುವವಳಂತೆ
ಬಕೆಟ್ಟಿನಿಂದ ಮರಳು ಎರಚುತ್ತಿದ್ದಳು.
ಹೇಳಿದಲ್ಲೇ ಬಿಟ್ಟಿದೆ! ಎಂದು ಕೂಗಿದಳು.
ಬಗ್ಗಿ ನೋಡಿದೆ: ಗೆರೆಯ ತಳದಲ್ಲಿ
ಕೂದಲೆಳೆಯಷ್ಟು ಬಿರುಕು, ಸಾಧುವಾಗಿ.

ನನ್ನ ಮನೆಯ ಮೆಟ್ಟಿಲು
ಮೂರು ಚಳಿಗಾಲದಿಂದ ಒಡೆದೇ ಇದೆ.
ಯಾವಾಗ, ಎಂದು ಸೆಫೆರಿನಾ
ಈಗೀಗ ಕೇಳುವುದಿಲ್ಲ. ದಾಟಿ ಒಳಗೆ ಹೋಗುತ್ತಾಳೆ.