ಸೊರೆ ಬಿಡದ ಒಂಟೆ

ಬಾ ಲೆಕ್ಕದವನೇ, ಹೊಸ್ತಿಲು ತುಳಿಯದೆ ದಾಟು.
ಎಡಕ್ಕೆ ಕೂತುಕೋ, ಗಂಡಸರ ಕಡೆ.
ಹುಳಿಹಾಲಿದೆ, ಒಂಟೆಯದು. ಮೂಗು ಮುರಿಯಬೇಡ,
ನಿನ್ನನ್ನು ಕಳಿಸಿದವರ ಅಜ್ಜ ಇದನ್ನೇ ಕುಡಿದು ಬೆಳೆದದ್ದು.

ಆತನ ಹೆಸರು ಹೇಳುವುದಿಲ್ಲ ನಾನು.
ಸತ್ತ ದೊರೆಯ ಹೆಸರು ಬಾಯಿಗೆ ಬಂದರೆ
ಒಲೆ ಮುನಿಯುತ್ತದೆ, ನಮ್ಮಲ್ಲಿ ಹಾಗೆ.
ನೀನೂ ಬರೆಯಬೇಡ. ಜಾಗ ಬಿಟ್ಟು ಮುಂದಕ್ಕೆ ಬರೆ.

ನಮ್ಮಪ್ಪ ಕಂಡಿದ್ದನಂತೆ:
ಏಳು ಕುದುರೆ, ಅದರಲ್ಲೊಂದು ಕುಂಟು,
ಹೊಳೆದಂಡೆಯಲ್ಲಿ ಗೆಡ್ಡೆ ಅಗೆಯುವ ತಾಯಿ,
ಹೆಗ್ಗಣ ಸುಟ್ಟು ತಿನ್ನುವ ಹುಡುಗ.
ಏಳು ಎಪ್ಪತ್ತಾದವು. ಆಮೇಲೆ
ನಮ್ಮಪ್ಪನಿಗೆ ಎಣಿಸಲು ಬರುತ್ತಿರಲಿಲ್ಲ.
ಮೊದಲು ಹಗೆಗಳು ಮುಗಿದರು,
ಆಮೇಲೆ ನೆಂಟರು,
ಆಮೇಲೆ ಗಾಳಿ ಎತ್ತ ಬೀಸಿದರೆ ಅತ್ತ.
ಗೋಡೆಯೆಂದರೇನೆಂದೇ ಅರಿಯದ ನಮ್ಮ ಹುಡುಗರು
ಗೋಡೆ ಒಡೆಯುವುದನ್ನು ಕಲಿತರು.

ಅಣ್ಣ ಮೊಂಗೆತು ಒಂದು ರೇಷ್ಮೆ ನಿಲುವಂಗಿ ಕಳಿಸಿದ.
ತೋಳಿಗೆ ಯಾವಳೋ ಹಾಕಿದ ಹೂವಿನ ಹೊಲಿಗೆ,
ಕಂಕುಳಲ್ಲಿ ಅವಳದೇ ಬೆವರಿನ ಕಲೆ.
ತೊಟ್ಟೆ.
ಚಳಿಯಿತ್ತು, ಸುಳ್ಳು ಯಾಕೆ ಹೇಳಲಿ.

ಮಗ ಜಿರ್ಗೊದೈ ಪಡುವಣಕ್ಕೆ ಹೋದ.
ಎರಡು ಚಳಿಗಾಲ ಕಳೆದು ಅಂಚೆಯ ಸವಾರ ಬಂದ,
ಸೊಂಟದ ಗಂಟೆಗಳ ಬಾಯಿಗೆ ಉಣ್ಣೆ ತುರುಕಿದ್ದ.
'ಒಂದು ಉಪ್ಪುಕೆರೆಯ ಆಚೆ' ಅಂದ.
ಅಷ್ಟೇ ವಿಳಾಸ. ಕುದುರೆ ಬದಲಿಸಿ ಹೋದ.

ಅದೇ ವರ್ಷ ದೊಡ್ಡವನೂ ಸತ್ತ.
ರಾತ್ರಿ ಪಂಜಿಲ್ಲದೆ ಬಂದರು, ನಮ್ಮ ಬಿಳಿ ಒಂಟೆಯನ್ನೂ
ಮೂರು ತಿಂಗಳ ಮರಿಯನ್ನೂ ಹೊಡೆದುಕೊಂಡು ಹೋದರು.
ಬೆಳಗ್ಗೆ ಒಂಟೆಯೊಂದೇ ಬಂತು.
ಮರಿಯನ್ನು ಅವಳ ಕಣ್ಣೆದುರೇ ಕೊಯ್ದು
ಅವನ ಮಣ್ಣಿನ ಮೇಲೆ ಹೂತರಂತೆ.
ಸಾವಿರ ಕುದುರೆ ಓಡಿಸಿ ನೆಲ ಸಮ ಮಾಡಿದರಂತೆ,
ಹುಲ್ಲು ಬಂದ ಮೇಲೆ ಗುರುತು ಅವಳೊಬ್ಬಳೇ.

ವರ್ಷಕ್ಕೊಮ್ಮೆ, ಹುಲ್ಲು ಚಿಗುರಿದಾಗ, ಬರುತ್ತಿದ್ದರು.
ಹಗ್ಗ ಬಿಚ್ಚಿದರೆ ಅವಳು ಮುಂದೆ, ಮಂದಿ ಹಿಂದೆ.
ಒಂದು ಕಡೆ ನಿಂತು ನೆಲ ಮೂಸಿ ಗೋಳಿಡುವಳು.
ಅಲ್ಲೇ ಹಾಲು ಚೆಲ್ಲಿ, ಅಡ್ಡಬಿದ್ದು,
ನನಗೊಂದು ಕುರಿ ಕೊಟ್ಟು ಹೋಗುವರು.
ಎಷ್ಟು ನಗರ, ಎಷ್ಟು ಭಾಷೆ, ಎಷ್ಟು ಕಪ್ಪ,
ಎಲ್ಲದರ ಬುಡ ಇರುವ ಜಾಗಕ್ಕೆ ನಕ್ಷೆಯೆಂದರೆ
ಒಂದು ಮೂಕಪ್ರಾಣಿಯ ಸಂಕಟ.

ಅವಳು ಮತ್ತೆ ಈದಳು. ಸತ್ತ ಮರಿ. ಕೆಚ್ಚಲು ಕಲ್ಲು.
ಕೈಯಿಟ್ಟರೆ ಒದೆಯುವಳು, ಸೊರೆ ಬಿಡಳು.
ಇತ್ತ ಸೊಸೆ ಹೆರಿಗೆಯಲ್ಲಿ ತೀರಿಹೋಗಿ
ಮೊಮ್ಮಗು ಚಿಲಗುನ್ ಹಸಿವಿನಲ್ಲಿ ಬೆರಳು ಚೀಪುತ್ತಿದ್ದಳು.
ನೆರೆಯ ಗುಡಾರದಲ್ಲಿ ತಾಯಿಲ್ಲದ ಮರಿಯೊಂದಿತ್ತು, ಕಂದು, ಕಾಲು ಸೊಟ್ಟ.
ತಂದೆ. ಅವಳ ಉಪ್ಪುಬೆವರು ಅದರ ಮೈಗೆ ಸವರಿದೆ.
ಪಕ್ಕದಲ್ಲಿ ಕೂತು ಹಾಡಿದೆ,
'ಹೂಸ್, ಹೂಸ್' ಅನ್ನುವುದೊಂದೇ ಅದರ ಮಾತು,
ನಮ್ಮವ್ವ ಹಾಡಿದ್ದು, ಅವಳವ್ವ ಹಾಡಿದ್ದು.
ಮೂರು ಸಂಜೆ ಕಚ್ಚಿದಳು.
ನಾಲ್ಕನೆಯ ಸಂಜೆ
ಕಣ್ಣಿಂದ ನೀರಿಳಿಯಿತು, ಆಮೇಲೆ ಹಾಲು.
ಮರಿಗೆ ಎರಡು ಮೊಲೆ, ಚಿಲಗುನ್‌ಗೆ ಎರಡು.

ಮರುವರ್ಷ ಅವರು ಬಂದು ಹಗ್ಗ ಬಿಚ್ಚಿದರು.
ಅವಳು ಎರಡು ಹೆಜ್ಜೆ ಇಟ್ಟಳು, ತಿರುಗಿದಳು,
ಸೊಟ್ಟಕಾಲಿನದರ ಬೆನ್ನು ನೆಕ್ಕುತ್ತ ನಿಂತಳು.
ಹೊಡೆದರು. ಎಳೆದರು. ಎಲ್ಲಿ ಬಿಟ್ಟರೆ ಅಲ್ಲಿ ಮೇಯ್ದಳು.
ನಾಯಕನ ಮುಖ ಸುಣ್ಣವಾಯಿತು.
ನನ್ನನ್ನೇನೂ ಕೇಳಲಿಲ್ಲ,
ಹೆಂಗಸಿನ ಹಾಡನ್ನು ಯಾರು ಕೇಳುತ್ತಾರೆ?

ನೀನು ಈಗ ಕೇಳಿದೆ: ಜಾಗ ಎಲ್ಲಿ ಅಂತ.
ಒಂದು ಕಾಲದಲ್ಲಿ ನನಗೂ ಗೊತ್ತಿತ್ತು,
ಎಡಕ್ಕೆ ಮೂರು ಬೀಳು, ಒಂದು ಒಣ ಹಳ್ಳ.
ಈಗ ಎಲ್ಲ ಬೀಳೂ ಒಂದೇ ಥರ ಕಾಣುತ್ತವೆ.
ಅವಳು ಮುದಿಯಾಗಿ ಸತ್ತಳು, ಹೊಟ್ಟೆ ತುಂಬಿ.

ಬರೆದುಕೋ ಬೇಕಾದರೆ. ಆದರೆ ಮೊದಲು
ನೀನು ಊರೂರು ಕಂಡವನು, ಹೇಳು,
ಪಡುವಣದಲ್ಲಿ ಉಪ್ಪುಕೆರೆಗಳು ಎಷ್ಟಿವೆ?